ಮಳೆ ತಾಗದ ಪಟ್ಟಿ

ಹೊಸದನ್ನು ಹೊಸದಾಗಿ ಕಾಣಿಸುವುದು ಯಾವ ದೊಡ್ಡ ವಿದ್ಯೆ? ಡಬ್ಬ ಬಿಚ್ಚಿ ಬ್ರಷ್ ಅದ್ದಲು ಬಂದರೆ ಸಾಕು. ಹೊಸದನ್ನು ಹಳೆಯದಾಗಿ ಕಾಣಿಸುವುದಿದೆಯಲ್ಲ, ಅದಕ್ಕೆ ಕೈ ಬೇಕು, ಕಣ್ಣು ಬೇಕು, ಸುಳ್ಳು ಹೇಳುವಾಗ ಮುಖ ಕೆಂಪಾಗದ ಧೈರ್ಯವೂ ಬೇಕು. ಬಣ್ಣದಕ್ಕನಿಗೆ ಮೂರೂ ಇದ್ದವು. ಇಪ್ಪತ್ತೆರಡು ವರ್ಷ ಕಾರ್ ಗ್ಯಾರೇಜಿನಲ್ಲಿ ಅವಳು ಮಾಡಿದ್ದು ಇದನ್ನೇ. ಗುದ್ದಿದ ಬಾಗಿಲಿಗೆ ಹೊಸ ಬಣ್ಣ ಹೊಡೆದು, ಉಳಿದ ಮೂರು ಬಾಗಿಲು ಎಷ್ಟು ಬಿಸಿಲು ಕಂಡಿವೆಯೋ ಅಷ್ಟು ಬಿಸಿಲನ್ನು ಇದಕ್ಕೂ ತೋರಿಸಿ ಕಳಿಸುವುದು. ಸ್ಪ್ರೇ ಹೊಗೆಗೆ ಎದೆ ಕಟ್ಟಿ ಡಾಕ್ಟರು ಸಾಕು ಎಂದ ಮೇಲೆ ಗ್ಯಾರೇಜು ಬಿಟ್ಟಳು. ಕೈ ಸುಮ್ಮನಿರಬೇಕಲ್ಲ? ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಸಣ್ಣ ಸಣ್ಣ ಮಾದರಿಗಳನ್ನು ಮಾಡತೊಡಗಿದಳು. ಹಡಗು, ರೈಲು, ಹಳೇ ಬಸ್ಸು.

ಈಗ ಅವಳ ಮೇಜಿನ ಮೇಲೆ ಕೂತಿದ್ದದ್ದು ಒಂದು ಸುಟ್ಟುಹೋದ ಟ್ಯಾಂಕು. ಮೊಳದುದ್ದದ್ದು. ಊರಿನ ಯುದ್ಧ ಸಂಗ್ರಹಾಲಯದವರು ಮಾಡಿಸುತ್ತಿದ್ದರು, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅನಾವರಣ. ಯಾವುದೋ ಟ್ಯಾಂಕಾಗಿದ್ದರೆ ಗುನುಗುತ್ತಾ ಮುಗಿಸಿಬಿಡುತ್ತಿದ್ದಳು. ಇದು ಮಾವನ ಟ್ಯಾಂಕು. ಐವತ್ತು ವರ್ಷದ ಹಿಂದೆ ಅವಳ ಗಂಡನ ಅಪ್ಪ ಇದರಲ್ಲಿ ಗನ್ನರ್ ಆಗಿದ್ದರು, ಎಂದರೆ ತೋಪು ತಿರುಗಿಸಿ ಹಾರಿಸುವವರು. ಬೆಂಕಿ ಬಿದ್ದಾಗ ಒಳಗಿದ್ದವರು ನಾಲ್ವರು. ಮೂವರು ಹೊರಗೆ ಬಂದರು, ಡ್ರೈವರ್ ಬರಲಿಲ್ಲ. ಬಂದ ಮೂವರಲ್ಲಿ ಈಗ ಉಳಿದಿರುವವರು ಮಾವ ಒಬ್ಬರೇ.

ಮಾವ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದರು. ಕೂತರೆ ಬಾಯಿ ಸುಮ್ಮನಿರುತ್ತದೆಯೇ?

"ಏನಮ್ಮಾ, ಟ್ಯಾಂಕಿನ ಮುಖಕ್ಕೆ ಪೌಡರ್ ಹಾಕಿ ಹೆಣ್ಣು ನೋಡೋ ಶಾಸ್ತ್ರಕ್ಕೆ ಕೂರಿಸ್ತೀಯಾ?"

"ಪೌಡರ್ ಅಲ್ಲ ಮಾವ, ಬೂದಿ. ಬೆಂಕಿ ಜಾಸ್ತಿ ಉರಿದ ಕಡೆ ಬಿಳಿಬೂದಿ ನಿಲ್ಲತ್ತೆ ಅಂತ ನೀವೇ ಹೇಳಿದ್ರಿ."

"ನಾನು ಹೇಳಿದ್ದು ಟ್ಯಾಂಕಿಗೆ. ಮದುಮಗಳಿಗಲ್ಲ. ಸ್ವಲ್ಪ ಒರೆಸು."

ಹೀಗೆ ತಮಾಷೆ ಮಾಡುತ್ತಲೇ ಮಾವ ಅವಳಿಗೆ ಬೇಕಾದ್ದನ್ನೆಲ್ಲ ಹೇಳಿಕೊಟ್ಟಿದ್ದರು. ಚಕ್ರಗಳ ರಬ್ಬರು ಸುಟ್ಟು ಬರೀ ಕಬ್ಬಿಣದ ಬಳೆ ಉಳಿಯುತ್ತದೆ. ಸ್ಪ್ರಿಂಗುಗಳು ಕಾಯ್ದು ಸತ್ತು ಟ್ಯಾಂಕು ಒಂದು ಗೇಣು ಕೆಳಗೆ ಕೂರುತ್ತದೆ. ಬಣ್ಣ ಉರಿದುಹೋದ ಬರೀ ಕಬ್ಬಿಣದ ಮೇಲೆ ಮಳೆ ಬಿದ್ದರೆ ಎರಡೇ ದಿನದಲ್ಲಿ ಕಿತ್ತಳೆ ತುಕ್ಕು ಏಳುತ್ತದೆ. ಹಾಗಾಗಿ ಅವಳು ಚಕ್ರಗಳನ್ನು ತಗ್ಗಿಸಿದಳು. ಕಂದು ಬಣ್ಣದ ಮೇಲೆ ಅಡುಗೆ ಉಪ್ಪು ಉದುರಿಸಿ, ಅದರ ಮೇಲೆ ಕಿತ್ತಳೆ ಊದಿ, ಒಣಗಿದ ಮೇಲೆ ಉಪ್ಪನ್ನು ಉಜ್ಜಿ ತೆಗೆದು ತುಕ್ಕಿನ ಹಕ್ಕಳೆ ಎಬ್ಬಿಸಿದಳು. ಸ್ಪಂಜಿನ ಚೂರಿನಿಂದ ಇನ್ನೆರಡು ಬಗೆಯ ತುಕ್ಕನ್ನು ತಟ್ಟಿದಳು.

ಒಂದು ದಿನ ಅವಳು ಟ್ಯಾಂಕಿನ ತಲೆಯನ್ನು, ಎಂದರೆ ತೋಪು ಕೂತಿರುವ ಮೇಲಿನ ತಿರುಗುವ ಭಾಗವನ್ನು, ಅದರ ಕುಳಿಯಲ್ಲಿ ಇಟ್ಟು ಆಚೀಚೆ ತಿರುಗಿಸಿ ನೋಡುತ್ತಿದ್ದಳು. ಮಾವ ಲೋಟ ಕೆಳಗಿಟ್ಟರು.

"ಅಲ್ಲಿ ನಿಲ್ಲಿಸ್ಬೇಡ! ಡ್ರೈವರ್ ಹೊರಗೆ ಬರೋ ಮುಚ್ಚಳದ ಮೇಲೆ ತೋಪಿನ ನಳಿಗೆ ಬಂದ್ರೆ ಮುಚ್ಚಳ ಮೇಲೇಳಲ್ಲ. ಗನ್ನರ್‌ಗೆ ಮೊದಲನೇ ಪಾಠ ಅದೇ. ಬೆಂಕಿ ಬಿತ್ತು, ಇಳೀಬೇಕು ಅಂದಾಗ ತೋಪು ತಿರುಗಿಸೋ ಹಿಡಿಕೆ ಹತ್ತು ಸುತ್ತು ತಿರುಗಿಸು, ಡ್ರೈವರ್ ತಲೆ ಬಿಡಿಸು, ಆಮೇಲೆ ನಿನ್ನ ತಲೆ ನೋಡ್ಕೋ."

ಹೇಳಿ, ತಾವೇ ಒಂದು ಬೆರಳಿನಿಂದ ನಳಿಗೆಯನ್ನು ನೇರಕ್ಕೆ ತಂದು ನಿಲ್ಲಿಸಿದರು. ಆಮೇಲೆ ಆ ಬೆರಳನ್ನು ಪಂಚೆಗೆ ಒರೆಸಿಕೊಂಡರು. ಬೆರಳಿಗೆ ಏನೂ ಅಂಟಿರಲಿಲ್ಲ. ಬಣ್ಣದಕ್ಕ ಎರಡು ತೊಟ್ಟು ಅಂಟು ಹಾಕಿ ತಲೆಯನ್ನು ಹಾಗೇ ನೇರಕ್ಕೆ ಕೂರಿಸಿದಳು. ಸಂಗ್ರಹಾಲಯದವರು ಕೊಟ್ಟಿದ್ದ ಮೂರು ಫೋಟೋಗಳಲ್ಲೂ ತೋಪು ನೇರವೇ ಇತ್ತು.

ಫೋಟೋಗಳ ಜೊತೆ ಅವರು ಗೋಡೆಗೆ ಹಾಕುವ ಫಲಕದ ಕರಡನ್ನೂ ಕಳಿಸಿದ್ದರು. ಅದರ ಕೊನೆಯ ಸಾಲು ಹಳೆಯ ತನಿಖಾ ವರದಿಯದು: "ಚಾಲಕನ ಮುಚ್ಚಳಕ್ಕೆ ಯಾವ ಅಡಚಣೆಯೂ ಇರಲಿಲ್ಲ. ಚಾಲಕನು ಧೃತಿಗೆಟ್ಟು, ಹೊರಬರುವ ಯತ್ನ ಮಾಡದೆ ಮೃತಪಟ್ಟನು." ಮೂವರಿಗೆ ಪದಕ ಬಂದಿತ್ತು. ಡ್ರೈವರಿಗೆ ಬಂದದ್ದು ಈ ಸಾಲು. ಅವನ ತಂಗಿಯೊಬ್ಬಳು ಇದ್ದಾಳೆ, ಲಾಂಡ್ರಿ ನಡೆಸುತ್ತಿದ್ದವಳು, ಆ ಸಾಲು ತೆಗೆಯಿರಿ ಎಂದು ವರ್ಷಕ್ಕೊಂದು ಪತ್ರ ಬರೆಯುತ್ತಾಳೆ, ಅನಾವರಣಕ್ಕೆ ಅವಳೂ ಬರುತ್ತಾಳೆ ಎಂದು ಸಂಗ್ರಹಾಲಯದ ಮೇಲ್ವಿಚಾರಕರು ಫೋನಿನಲ್ಲಿ ಹೇಳಿದ್ದರು. "ಪಾಪ, ಹೆಂಗಸು. ಆದ್ರೆ ದಾಖಲೆ ದಾಖಲೇನೇ ಅಲ್ವಾ?" ಎಂದೂ ಸೇರಿಸಿದ್ದರು.

ಮಂಗಳವಾರ ಮಧ್ಯಾಹ್ನ ಮುಂಭಾಗದ ಕೊನೆಯ ತುಕ್ಕು ಮುಗಿಸಿ, ಬಣ್ಣದಕ್ಕ ಭೂತಗನ್ನಡಿಯ ದೀಪ ಹಾಕಿಕೊಂಡು ಫೋಟೋಗೂ ಮಾದರಿಗೂ ತಾಳೆ ನೋಡಲು ಕೂತಳು. ಮೊದಲ ಫೋಟೋದಲ್ಲಿ ಡ್ರೈವರ್ ಮುಚ್ಚಳದ ಮೇಲೆ ಓರೆಯಾಗಿ ಒಂದು ಮಾಸಲು ಪಟ್ಟಿ ಇತ್ತು. ಅದನ್ನು ಅವಳು ಮೊದಲ ದಿನವೇ ನೋಡಿದ್ದಳು. ಪ್ರಿಂಟಿನ ಗೀರು ಎಂದುಕೊಂಡು ಬಿಟ್ಟಿದ್ದಳು. ಇಪ್ಪತ್ತೆರಡು ವರ್ಷ ಗೀರು ಮುಚ್ಚಿದ ಕೈಯಲ್ಲವೇ, ಗೀರು ಕಂಡರೆ ಮುಚ್ಚಿಯೇ ಅಭ್ಯಾಸ. ಅದರ ಮೇಲೂ ಸಲೀಸಾಗಿ ತುಕ್ಕು ತಟ್ಟಿದ್ದಳು.

ಮೂರನೆಯ ಫೋಟೋ ಪಕ್ಕದಿಂದ ತೆಗೆದದ್ದು. ಅದರಲ್ಲೂ ಆ ಪಟ್ಟಿ ಇತ್ತು. ಮುಚ್ಚಳದ ಎತ್ತರಿಸಿದ ಅಂಚನ್ನು ಏರಿ, ಬಗ್ಗಿ, ಮತ್ತೆ ಇಳಿದು ಮುಂದಕ್ಕೆ ಹೋಗಿತ್ತು.

ಅಯ್ಯೋ! ಪ್ರಿಂಟಿನ ಗೀರು ಎಲ್ಲಾದರೂ ಬಗ್ಗುತ್ತದೆಯೇ?

ಗ್ಯಾರೇಜಿನಲ್ಲಿ ಇಂಥದ್ದನ್ನು ಅವಳು ನೂರು ಸಲ ಕಂಡಿದ್ದಳು. ವರ್ಷಗಟ್ಟಲೆ ಮೇಲೆ ಲಗೇಜು ಕಂಬಿ ಕಟ್ಟಿಕೊಂಡು ಓಡಿದ ಕಾರಿನ ಕಂಬಿ ಬಿಚ್ಚಿದರೆ, ಅದರಡಿಯಲ್ಲಿ ಬಿಸಿಲು ಮಳೆ ಕಾಣದ ಪಟ್ಟಿ ಹಾಗೇ ಉಳಿದಿರುತ್ತದೆ. ಇದೂ ಅದೇ. ಸುಟ್ಟ ಟ್ಯಾಂಕು ಒಂದೂವರೆ ತಿಂಗಳು ಮಳೆಯಲ್ಲಿ ನಿಂತಿತ್ತು ಎಂದು ಫಲಕದ ಕರಡಿನಲ್ಲೇ ಇತ್ತು. ಎಲ್ಲ ಕಡೆ ತುಕ್ಕು ಎದ್ದಿತ್ತು, ಈ ಪಟ್ಟಿಯಲ್ಲಿ ಮಾತ್ರ ಬೂದಿ ಹಾಗೇ ನಿಂತಿತ್ತು. ಮೇಲೆ ಏನೋ ಅಡ್ಡ ಇತ್ತು. ಅವಳು ಒಂದು ಪೆನ್ಸಿಲ್ ತೆಗೆದು ಮಾದರಿಯ ಮೇಲೆ ಆ ಜಾಗದಲ್ಲಿ ಓರೆಯಾಗಿ ಹಿಡಿದಳು. ಪೆನ್ಸಿಲಿನ ಹಿಂತುದಿ ನೇರ ಹೋಗಿ ಟ್ಯಾಂಕಿನ ತಲೆಯ ನಡುಮಧ್ಯಕ್ಕೆ ಮುಟ್ಟಿತು. ಪಟ್ಟಿಯ ಅಗಲ, ನಳಿಗೆಯ ಅಗಲ ಒಂದೇ.

ಎಳೆದುಕೊಂಡು ಹೋಗಲು ಬಂದವರು ತೋಪನ್ನು ನೇರ ಮಾಡಿದ್ದಾರೆ. ಆಮೇಲೆ ಫೋಟೋ ತೆಗೆದಿದ್ದಾರೆ. ಆಮೇಲೆ ಬಂದ ತನಿಖೆಯವರು ನೇರ ನಿಂತ ತೋಪನ್ನು ನೋಡಿ, ಅಡಚಣೆ ಇರಲಿಲ್ಲ ಎಂದು ಬರೆದಿದ್ದಾರೆ. ಬೆಂಕಿ ಬಿದ್ದ ಹೊತ್ತಿನಲ್ಲಿ ನಳಿಗೆ ಇದ್ದದ್ದು ಡ್ರೈವರನ ತಲೆಯ ಮೇಲೆ. ಹತ್ತು ಸುತ್ತು ತಿರುಗಿಸಬೇಕಾಗಿದ್ದವರು ಈಗ ಮನೆಯ ಹಿಂದಿನ ಕೋಣೆಯಲ್ಲಿ ಪೇಪರ್ ಓದುತ್ತಾ ಕೂತಿದ್ದರು.

"ಮಾವ, ಒಂದ್ನಿಮಿಷ ಬನ್ನಿ."

ಮಾವ ಬಂದರು. ಅವಳು ಮೂರನೆಯ ಫೋಟೋವನ್ನು ದೀಪದಡಿ ಸರಿಸಿದಳು. ಪೆನ್ಸಿಲ್ ತುದಿಯಿಂದ ಪಟ್ಟಿ ತೋರಿಸಿದಳು.

"ಇದೇನು ಮಾವ?"

ಮಾವ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಫೋಟೋ ನೋಡಿದರೋ ಇಲ್ಲವೋ, ದೇವರೇ ಬಲ್ಲ.

"ಗೀರಿರಬೇಕು," ಎಂದರು.

"ಗೀರು ಬಗ್ಗಲ್ಲ ಮಾವ."

"ತೋಪು ನೇರ ಇದೆಯಲ್ಲ ಫೋಟೋದಲ್ಲಿ. ಅದನ್ನ ಯಾಕೆ ನನ್ನ ಕೇಳ್ತೀಯ? ನಾನೇನು ತೋಪನ್ನ..." ಮಾತು ಅಲ್ಲಿಗೇ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವಳು ಇನ್ನೂ ತೋಪಿನ ಮಾತೇ ಎತ್ತಿರಲಿಲ್ಲ. ಅದು ಇಬ್ಬರಿಗೂ ಒಂದೇ ಸಲ ಹೊಳೆಯಿತು. ಮಾವ ಪೇಪರು ಮಡಿಸಿಕೊಂಡರು. ತಿರುಗಿ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಕೆಟ್ಟ ಮನುಷ್ಯನಾಗಿದ್ದರೆ ಎಷ್ಟು ಸುಲಭವಿತ್ತು! ಸೊಸೆ ಗ್ಯಾರೇಜಿಗೆ ಹೋಗುತ್ತಾಳೆ, ಗಂಡಸರ ನಡುವೆ ನಿಂತು ಕೆಲಸ ಮಾಡುತ್ತಾಳೆ ಎಂದು ನೆಂಟರಿಷ್ಟರು ಮೂಗು ಮುರಿದಾಗ, "ನನ್ನ ಸೊಸೆ ಕಾರಿಗೆ ಬಣ್ಣ ಹೊಡೀತಾಳೆ. ನಿಮ್ಮ ಮುಖಕ್ಕೆ ಮಸಿ ಬಳೀತಾ ಇಲ್ಲವಲ್ಲ?" ಎಂದು ಕೇಳಿದವರು ಈ ಮಾವ. ಮಗು ಹುಟ್ಟಿದಾಗ ತೊಟ್ಟಿಲು ತೂಗಿ ಅವಳನ್ನು ಕೆಲಸಕ್ಕೆ ಕಳಿಸಿದವರೂ ಇವರೇ. ಅವರ ಮೇಲೆ ಅವಳಿಗೆ ಇದ್ದದ್ದು ಸೊಸೆಯ ಮರ್ಯಾದೆಯಲ್ಲ, ಮಗಳ ಪ್ರೀತಿ.

ಸಂಜೆ ಗಂಡನಿಗೆ ಹೇಳಿದಳು. ಅವನು ಶೂ ಬಿಚ್ಚುತ್ತಿದ್ದವನು ಒಂದೇ ಶೂನಲ್ಲಿ ಕೂತುಬಿಟ್ಟ.

"ಈಗ ಆ ಪಟ್ಟಿ ನಿನ್ನ ಮಾಡೆಲ್ ಮೇಲೆ ಇದೆಯಾ?"

"ಇಲ್ಲ. ಗೊತ್ತಿಲ್ಲದೆ ತುಕ್ಕು ಹೊಡೆದುಬಿಟ್ಟಿದ್ದೀನಿ."

"ಮತ್ತೇನು? ಹಾಗೇ ಬಿಡು. ಇರಲಾರದೆ ಇರುವೆ ಬಿಟ್ಕೊಂಡ್ರು ಅನ್ನೋ ಹಾಗೆ ಮಾಡ್ಬೇಡ. ಅಪ್ಪನಿಗೆ ಎಂಬತ್ತಾಯ್ತು. ಊರೆಲ್ಲ ಬಂದು ಕೂತಿರತ್ತೆ ಅಲ್ಲಿ."

"ಆ ತಂಗಿಗೂ ಎಪ್ಪತ್ತಾಗಿರಬೇಕು. ಅವಳೂ ಬಂದು ಕೂತಿರ್ತಾಳೆ."

"ಅವಳು ನಮ್ಮವಳಾ?"

ಬಣ್ಣದಕ್ಕನಿಗೆ ಬಿಸಿತುಪ್ಪ ಬಾಯಿಗೆ ಬಂದ ಹಾಗಾಗಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಬುಧವಾರ ಬೆಳಿಗ್ಗೆ ಮಾವ ಸ್ಟೂಲಿಗೆ ಬರಲಿಲ್ಲ. ಕಾಫಿ ಲೋಟ ಹಿಂದಿನ ಕೋಣೆಯಲ್ಲೇ ಆರಿತು. ಬಣ್ಣದಕ್ಕ ಮಾದರಿಯ ಮುಂದೆ ಕೂತಳು. ಕೆಲಸ ಮುಗಿದಿತ್ತು. ಸುಮ್ಮನೆ ಡಬ್ಬಿಗೆ ಹಾಕಿ ಕಟ್ಟಿದರೆ ಆಯಿತು. ಅವಳೇನೂ ಮಾಡಬೇಕಾಗಿರಲಿಲ್ಲ, ಅದೇ ಅವಳನ್ನು ತಿನ್ನುತ್ತಿದ್ದದ್ದು. ಮಾವ ಐವತ್ತು ವರ್ಷ ಮಾಡಿದ್ದೂ ಇದನ್ನೇ ಅಲ್ಲವೇ, ಏನೂ ಮಾಡದೇ ಇದ್ದದ್ದು? ಕಾರಿನ ಬಾಗಿಲಿಗೆ ಸುಳ್ಳು ಬಣ್ಣ ಹೊಡೆದರೆ ಕಾರು ಮಾರುವವನಿಗೆ ಲಾಭ, ಕೊಳ್ಳುವವನಿಗೆ ಅಷ್ಟಿಷ್ಟು ಮೋಸ. ಈ ಬಣ್ಣದಡಿ ಒಬ್ಬ ಮನುಷ್ಯ ಇದ್ದ. ಅವನನ್ನು ಹೇಡಿ ಎಂದು ಬರೆದು ಅವಳ ತುಕ್ಕಿನಿಂದ ಮೊಹರು ಒತ್ತುತ್ತಿದ್ದರು.

ಹನ್ನೊಂದು ಗಂಟೆಗೆ ಎದ್ದು ತೆಳುವಾದ ಅಂಟುಪಟ್ಟಿ ಎರಡು ಕತ್ತರಿಸಿದಳು. ಮುಚ್ಚಳದ ಮೇಲೆ, ಪಟ್ಟಿಯ ಎರಡು ಬದಿಗೂ ಅಂಟಿಸಿದಳು. ಹತ್ತಿ ಸುತ್ತಿದ ಕಡ್ಡಿಯನ್ನು ಬಣ್ಣ ಕರಗಿಸುವ ತಿನ್ನರಿನಲ್ಲಿ ಅದ್ದಿ, ಎರಡು ವಾರ ಕೂತು ಕಟ್ಟಿದ ತುಕ್ಕನ್ನು ಪದರ ಪದರವಾಗಿ ಎತ್ತಿದಳು. ಕೈ ನಡುಗಿದರೆ ಅಡಿಯ ಬಣ್ಣವೂ ಹೋಗುತ್ತದೆ, ಮುಂಭಾಗವೆಲ್ಲ ಹಾಳು, ಮತ್ತೆ ಮಾಡಲು ಸಮಯವಿಲ್ಲ. ಉಸಿರು ಬಿಗಿಹಿಡಿದು ಎತ್ತಿದಳು. ಬರಿದಾದ ಜಾಗಕ್ಕೆ ಬೂದು ಪುಡಿ ತುಂಬಿ, ಅಂಟುಪಟ್ಟಿ ಕಿತ್ತಳು. ಎರಡು ಬೆರಳಿನಷ್ಟು ಉದ್ದದ ಮಾಸಲು ಪಟ್ಟಿ, ಮುಚ್ಚಳದ ಅಂಚು ಏರಿ ಬಗ್ಗಿ ಇಳಿದಿತ್ತು. ತೋಪನ್ನು ಮುಟ್ಟಲಿಲ್ಲ. ಫೋಟೋದಲ್ಲಿ ಇದ್ದದ್ದು ಇದೆ, ಇಲ್ಲದ್ದು ಇಲ್ಲ, ಓದಲು ಬರುವವರು ಓದಿಕೊಳ್ಳಲಿ ಎಂದುಕೊಂಡಳು. ಯಾರೂ ಓದದಿರಲಿ ಎಂದೂ ಅದೇ ಮನಸ್ಸು ಬೇಡಿಕೊಳ್ಳುತ್ತಿತ್ತು, ಅದನ್ನೇಕೆ ಮುಚ್ಚಿಡಬೇಕು?

ಗುರುವಾರ ಕಾರಿನಲ್ಲಿ ಗಂಡ ಮುಂದೆ, ಹಿಂದೆ ಅವಳು ಮತ್ತು ಮಾವ. ಡಬ್ಬಿ ಅವಳ ತೊಡೆಯ ಮೇಲೆ. ಮಾವ ಪದಕ ಹಾಕಿರಲಿಲ್ಲ. ಗಂಡ ಎರಡು ಸಲ ನೆನಪಿಸಿದ್ದ, ಕೊನೆಗೆ ಪದಕವನ್ನು ತಾನೇ ಜೇಬಿಗೆ ಹಾಕಿಕೊಂಡು ಬಂದಿದ್ದ.

"ಮುಂದಿನ ಭಾಗ ಮುಗೀತಾ?" ಮಾವ ಕೇಳಿದರು. ಎರಡು ದಿನದಲ್ಲಿ ಅದು ಮೊದಲ ಮಾತು.

"ಮುಗೀತು ಮಾವ. ಫೋಟೋದಲ್ಲಿ ಇರೋ ಹಾಗೆ."

"ಫೋಟೋದಲ್ಲಿ ಇರೋ ಹಾಗೇನಾ?"

"ಹೂಂ. ಪೂರ್ತಿ."

ಕನ್ನಡಿಯಲ್ಲಿ ಗಂಡನ ಕಣ್ಣು ಅವಳನ್ನು ತಿನ್ನುವ ಹಾಗೆ ನೋಡಿತು. ಮಾವ ಕಿಟಕಿಯ ಹೊರಗೆ ತಿರುಗಿದರು.

ಸಂಗ್ರಹಾಲಯದ ಹಾಲಿನಲ್ಲಿ ಐವತ್ತು ಅರವತ್ತು ಜನ. ಮಾದರಿಯನ್ನು ಎತ್ತರದ ಮೇಜಿನ ಮೇಲಿಟ್ಟರು, ಗಾಜಿನ ಪೆಟ್ಟಿಗೆ ಪಕ್ಕದಲ್ಲಿ ಕಾಯುತ್ತಿತ್ತು. ಹಿಂದಿನ ಗೋಡೆಯಲ್ಲಿ ಫಲಕ, ಕೊನೆಯ ಸಾಲಿನ ಸಮೇತ. ಮೇಲ್ವಿಚಾರಕರು ಬಟ್ಟೆ ಸರಿಸಿದರು. ಚಪ್ಪಾಳೆ ಬಿತ್ತು. ಜನ ಹತ್ತಿರ ಬಂದು, "ಅಬ್ಬಾ, ನಿಜವಾದ ತುಕ್ಕೇ! ಮುಟ್ಟಿದ್ರೆ ಕೈಗೆ ಹತ್ತತ್ತೆ ಅನ್ಸತ್ತೆ," ಎಂದು ಹೊಗಳಿ ಮುಂದೆ ಹೋದರು. ಯಾರ ಕಣ್ಣೂ ಪಟ್ಟಿಯ ಮೇಲೆ ನಿಲ್ಲಲಿಲ್ಲ. ಗಂಡನ ಹೆಗಲು ಮೆಲ್ಲಗೆ ಇಳಿಯಿತು.

ಕೊನೆಗೆ ಬಂದವಳು ಒಬ್ಬ ಗಿಡ್ಡ ಮುದುಕಿ. ಮುಂಗೈ ತುಂಬ ಇಸ್ತ್ರಿಪೆಟ್ಟಿಗೆಯ ಹಳೇ ಸುಟ್ಟ ಗುರುತುಗಳು. ಯಾರೂ ಹೇಳಬೇಕಾಗಿರಲಿಲ್ಲ, ಡ್ರೈವರನ ತಂಗಿ. ಅವಳು ಮಾದರಿಯನ್ನು ನೋಡಿದ ರೀತಿಯೇ ಬೇರೆ. ಐವತ್ತು ವರ್ಷ ಊರವರ ಬಟ್ಟೆಗಳಲ್ಲಿ ಕಲೆ ಹುಡುಕಿದ ಕಣ್ಣು ಮೂಲೆಯಿಂದ ಶುರುಮಾಡಿ ಸಾಲು ಸಾಲಾಗಿ ನೋಡುತ್ತಾ ಬಂದು ಮುಚ್ಚಳದ ಮೇಲೆ ನಿಂತಿತು.

"ಇಲ್ಲಿ ಯಾಕೆ ತುಕ್ಕಿಲ್ಲ?"

ಮೇಲ್ವಿಚಾರಕರು ನಕ್ಕರು. "ಹಳೇ ಫೋಟೋ ನೋಡಿ ಮಾಡಿದ್ದಲ್ವಾ ಅಮ್ಮಾ, ಫೋಟೋದ ಗೀರು."

ಗಂಡ ಮುಂದೆ ಬಂದ. "ಬಣ್ಣ ಒಂಚೂರು ಬಿಟ್ಟುಹೋಗಿದೆ. ನಾಳೇನೇ ಸರಿ ಮಾಡಿಸ್ತೀವಿ."

ಮುದುಕಿ ಇಬ್ಬರನ್ನೂ ನೋಡಲಿಲ್ಲ. ಬಣ್ಣದಕ್ಕನ ಉಗುರು ಸಂದಿಯ ಬಣ್ಣ ನೋಡಿ ಅವಳತ್ತ ತಿರುಗಿದಳು. "ಮಾಡಿದವಳು ನೀನಲ್ವಾ? ನೀನು ಹೇಳು. ಬಿಟ್ಟುಹೋಗಿದ್ಯಾ?"

ಒಂದು ಹೂಂ ಸಾಕಾಗಿತ್ತು. ಮೂಲೆಯ ಕುರ್ಚಿಯಲ್ಲಿ ಕೂತ ಮಾವನ ಕಡೆ ನೋಡುವ ಧೈರ್ಯ ಬಣ್ಣದಕ್ಕನಿಗೆ ಬರಲಿಲ್ಲ.

"ಬಿಟ್ಟುಹೋಗಿಲ್ಲಮ್ಮಾ. ಅದು ಅಲ್ಲಿ ಇದ್ದದ್ದೇ. ಮಳೆ ತಾಗದ ಜಾಗ."

"ಸುತ್ತ ಎಲ್ಲ ತಾಗಿದೆ. ಇಲ್ಲಿಗೆ ಮಾತ್ರ ತಾಗದೆ ಇರೋಕೆ ಮೇಲೆ ಏನಿತ್ತು?"

ಬಣ್ಣದಕ್ಕ ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಕುರ್ಚಿ ಕಿರ್ರೆಂದಿತು.

ಮಾವ ಎದ್ದು ಬಂದರು. ಜನ ದಾರಿ ಬಿಟ್ಟರು. "ಅಪ್ಪಾ, ಬೇಡ," ಎಂದ ಮಗನ ಕೈಯನ್ನು ಮೆಲ್ಲಗೆ ಸರಿಸಿದರು. ಮೇಜಿನ ಮುಂದೆ ನಿಂತು ಟ್ಯಾಂಕಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದರು. ಒತ್ತಿದರು. ಅಂಟು ಚಟ್ಟೆಂದು ಬಿಟ್ಟಿತು. ನಳಿಗೆ ಮೆಲ್ಲಗೆ ತಿರುಗುತ್ತಾ ಬಂದು ಮುಚ್ಚಳದ ಮೇಲೆ ನಿಂತಿತು. ಅಡಿಯಲ್ಲಿದ್ದ ಪಟ್ಟಿ ಎಳ್ಳಷ್ಟೂ ಉಳಿಯದ ಹಾಗೆ ಮುಚ್ಚಿಹೋಯಿತು.

"ಇಲ್ಲಿತ್ತು," ಎಂದರು. "ನಾನು ಇಲ್ಲೇ ಬಿಟ್ಟು ಇಳಿದೆ. ಹತ್ತು ಸುತ್ತು ತಿರುಗಿಸ್ಬೇಕಿತ್ತು. ಒಂದೂ ತಿರುಗಿಸ್ಲಿಲ್ಲ. ಆಮೇಲೆ ಯಾರೋ ನೇರ ಮಾಡಿದ್ರು. ತನಿಖೆಯವರು ತಪ್ಪಾಗಿ ಬರೆದ್ರು. ನಾನು ಓದಿ ಸುಮ್ಮನಾದೆ."

ಮುದುಕಿ ಅಳಲಿಲ್ಲ, ಬೈಯಲಿಲ್ಲ. ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಮ್ಮಣ್ಣ ಸುಮ್ಮನೆ ಕೂತಿದ್ನಾ?"

"ಇಲ್ಲ. ಒಳಗಿಂದ ತಟ್ಟಿದ. ನನ್ನನ್ನ ಕೂಗಿದ. ನಾನು ಹಳ್ಳದಲ್ಲಿ ಬಿದ್ಕೊಂಡಿದ್ದೆ, ಕೇಳಿಸ್ತು."

"ಎಷ್ಟು ಹೊತ್ತು?"

"ಬಹಳ ಹೊತ್ತು."

ಮುದುಕಿ ಕೈಚೀಲ ಬಿಚ್ಚಿದಳು. ಮಡಿಕೆಯಲ್ಲಿ ಹರಿದು, ಹಿಂದಿನಿಂದ ಕಾಗದ ಅಂಟಿಸಿದ್ದ ಒಂದು ಹಳೆಯ ಪತ್ರ ತೆಗೆದಳು, ಅಣ್ಣ ಹೇಡಿ ಎಂದು ಮನೆಗೆ ಬಂದಿದ್ದ ಆ ವರದಿಯ ಪ್ರತಿ. ಅದನ್ನು ಮಗುಚಿ ಖಾಲಿ ಬೆನ್ನು ಮೇಲೆ ಮಾಡಿ ಟ್ಯಾಂಕಿನ ಪಕ್ಕ ಇಟ್ಟಳು. ಮೇಲ್ವಿಚಾರಕರ ಜೇಬಿನಿಂದ ಪೆನ್ನು ಕಿತ್ತುಕೊಂಡು ಮಾವನ ಮುಂದೆ ಹಿಡಿದಳು.

"ಬರೀರಿ. ತಟ್ಟಿದ ಅಂತ ಬರೀರಿ. ಕೂಗಿದ ಅಂತ ಬರೀರಿ. ಸಹಿ ಹಾಕಿ, ತಾರೀಖು ಹಾಕಿ."

ಮಾವ ನಿಂತೇ ಬರೆದರು. ಅಕ್ಷರಗಳು ಸೊಟ್ಟಪಟ್ಟ ಬಂದವು. ಅವಳು ಕಾಗದ ತೆಗೆದುಕೊಂಡು ಎರಡು ಸಲ ಓದಿದಳು, ಮಡಿಸಿದಳು, ಚೀಲದೊಳಗೆ ಹಾಕಿಕೊಂಡಳು. ಮಾವ ಕೈಮುಗಿದರು. ಅವಳು ಮುಗಿಯಲಿಲ್ಲ.

ಮೇಲ್ವಿಚಾರಕರು ಬೆವರು ಒರೆಸಿಕೊಂಡು ಬಣ್ಣದಕ್ಕನ ಕಿವಿಯ ಹತ್ತಿರ ಬಂದರು. "ಫಲಕದ ವಿಷಯ ಆಮೇಲೆ ನೋಡೋಣ. ಸದ್ಯಕ್ಕೆ ಆ ತೋಪನ್ನ ನೇರ ಮಾಡಿಕೊಡಿ, ಗಾಜು ಮುಚ್ಚಬೇಕು."

ಬಣ್ಣದಕ್ಕ ಚೀಲದಿಂದ ಅಂಟಿನ ಸೀಸೆ ತೆಗೆದಳು. ಮಾವ ಅವಳ ಕೈಯನ್ನೇ ನೋಡುತ್ತಿದ್ದರು, ಮುದುಕಿಯೂ ನೋಡುತ್ತಿದ್ದಳು. ಅವಳು ನಳಿಗೆಯನ್ನು ಮುಟ್ಟದೆ, ಟ್ಯಾಂಕಿನ ತಲೆ ಈಗ ಎಲ್ಲಿ ತಿರುಗಿ ನಿಂತಿತ್ತೋ ಅಲ್ಲೇ, ಎರಡು ತೊಟ್ಟು ಅಂಟು ಬಿಟ್ಟು ಒಣಗುವವರೆಗೆ ಬೆರಳಿನಿಂದ ಒತ್ತಿ ಹಿಡಿದಳು.